ಮಳೆ ಲೆಕ್ಕಕ್ಕೆ ಬಿದ್ದ ಬೀಗ

ನಾನು ಓದಿದ್ದು ಏಳನೇ ಕ್ಲಾಸು. ಬಸವಕಲ್ಯಾಣ ಮತ್ತು ಹುಮನಾಬಾದ್ ನಡುವೆ, ಪುಣೆ–ಹೈದರಾಬಾದ್ ಹೆದ್ದಾರಿಯಿಂದ ಮೂರು ಕಿಲೋಮೀಟರ್ ಒಳಗೆ ನಮ್ಮೂರು. ಒಂಬತ್ತು ಎಕರೆ ಒಣ ಬೇಸಾಯ. ಮುಂಗಾರಿಗೆ ತೊಗರಿ, ಉದ್ದು, ಸೋಯಾ. ಹಿಂಗಾರಿಗೆ ಜೋಳ, ಕಡಲೆ. ಎರಡು ಸಲ ಬೋರು ಹಾಕಿಸಿ ಸೋತಿದ್ದೇನೆ. ಹೀಗಾಗಿ ನನ್ನ ಒಕ್ಕಲುತನವೆಲ್ಲ ಮುಗಿಲು ನೋಡಿಯೇ ನಡೆಯುವಂಥದ್ದು. ಇಂಥವನು ಕಂಪ್ಯೂಟರ್ ಬಗ್ಗೆ ಬರೆಯಲು ಕೂತರೆ ಕೆಲವರಿಗೆ ನಗು ಬರಬಹುದು. ಬರಲಿ. ತೊಗರಿಗೆ ನೆಟೆರೋಗ ಬಂದು ಅರ್ಧ ಹೊಲ ಒಣಗಿಸಿಕೊಂಡವನಿಗೆ ಆ ರೋಗದ ಬಗ್ಗೆ ನಾಲ್ಕು ಮಾತು ಆಡುವ ಹಕ್ಕು ಇರುತ್ತದೆ. ಇದೂ ಹಾಗೇ.

2009ರಿಂದ ನಾನು ಮಳೆ ಅಳೆಯುತ್ತ ಬಂದಿದ್ದೇನೆ. ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ವಹಿಯಲ್ಲಿ ಬರೆಯುವುದು. ರೋಹಿಣಿ, ಮಿರಗ, ಆರಿದ್ರಾ ಹೀಗೆ ನಕ್ಷತ್ರಕ್ಕೊಂದು ಪುಟ. ಪಕ್ಕದಲ್ಲಿ ಯಾವ ತುಣುಕಿಗೆ ಏನು ಬಿತ್ತಿದೆ, ಯಾವಾಗ ಎಡೆ ಹೊಡೆದೆ, ರಾಶಿ ಎಷ್ಟಾಯಿತು ಎಂಬುದು. ಹೊಲದಲ್ಲಿ 75 ಮಿ.ಮೀ. ಮಳೆ ಕೂಡುವತನಕ ಸೋಯಾ ಕೂರಿಗೆ ಹೂಡಬಾರದು ಎಂದು ನಾನು ಕಲಿತದ್ದು ಈ ವಹಿಯಿಂದ. ಊರಲ್ಲಿ ಎಲ್ಲರೂ ಮೊದಲ ಹಸಿಗೇ ಬಿತ್ತಿ ಮತ್ತೆ ಬೀಜಕ್ಕೆ ಓಡಾಡಿದ ಎರಡು ವರ್ಷ ನಾನು ಮನೆಯಲ್ಲಿ ಕುಳಿತಿದ್ದೆ. ಇದೇ ನನ್ನ ಒಂದೇ ಒಂದು ಬಂಡವಾಳ ಅನ್ನಬಹುದು.

2017ರಲ್ಲಿ ಮಗಳ ಓದಿಗೆಂದು ಹನ್ನೊಂದು ಸಾವಿರಕ್ಕೆ ಒಂದು ಹಳೇ ಕಂಪ್ಯೂಟರ್ ತಂದೆವು. ಆಕೆ ನನ್ನ ಹಳೇ ವಹಿಗಳನ್ನೆಲ್ಲ ಅದರಲ್ಲಿ ಏರಿಸಿದಳು. ಎಕ್ಸೆಲ್ ಅನ್ನುವ ಹಾಳೆಯಲ್ಲಿ ಒತ್ತಿದರೆ ಸಾಕು, ಹತ್ತು ವರ್ಷದ ಹಸ್ತ ಮಳೆ ಒಂದರ ಕೆಳಗೊಂದು ಬಂದು ನಿಲ್ಲುತ್ತಿತ್ತು. ನನಗೆ ಹುಚ್ಚು ಹಿಡಿದಂತಾಯಿತು. 2020ರ ಲಾಕ್‌ಡೌನ್‌ನಲ್ಲಿ ಮಗಳು ಮನೆಯಲ್ಲೇ ಇದ್ದಳು. "ಅಪ್ಪಾ, ಎರಡೆರಡು ಕಡಿ ಯಾಕ ಬರಿತಿ, ನಾ ಸೀದಾ ಇದರಾಗೇ ಹಾಕ್ತೀನಿ" ಅಂದಳು. ವಹಿ ಬಿಟ್ಟೆ. ನಾನು ಹೊಲಕ್ಕೆ ಹೋದ ಮೇಲೆ ನಮ್ಮವ್ವ ಮಾಪಕ ನೋಡಿ ಅಂಗಳದಿಂದಲೇ ಒದರಿ ಹೇಳುವುದು, ಮಗಳು ಒಳಗೆ ಬರೆದುಕೊಳ್ಳುವುದು. ಅವ್ವ 2022ರ ಶ್ರಾವಣದಲ್ಲಿ ತೀರಿಕೊಂಡಳು. 2020, 21, 22 ಈ ಮೂರು ವರ್ಷದ ಲೆಕ್ಕ ಕಾಗದದ ಮೇಲೆ ಎಲ್ಲಿಯೂ ಇರಲಿಲ್ಲ.

ಒಂದು ರಾತ್ರಿಯ ಕೆಲಸ

2023ರ ಜನವರಿ. ತೊಗರಿ ರಾಶಿ ಮುಗಿದಿತ್ತು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಹತ್ತಿರ ಬಂದಿತ್ತು. ಕಿರಿಯ ಮಗನಿಗೆ ಗೆಳೆಯರ ಫೋಟೋ ಹಾಕಿ ಬ್ಯಾನರ್ ಮಾಡುವ ಹುಕಿ. ಅದಕ್ಕೆ ಬೇಕಾದ ತಂತ್ರಾಂಶಕ್ಕೆ ರೊಕ್ಕ ಕೊಡಬೇಕು. ಯಾರೋ "ಕ್ರ್ಯಾಕ್ ಸಿಗ್ತದ ತಗೋ" ಅಂದಿದ್ದಾರೆ. ಕ್ರ್ಯಾಕ್ ಅಂದರೆ ಬೀಗ ಮುರಿದ ಮಾಲು. ಅಂತರ್ಜಾಲದಲ್ಲಿ ಹುಡುಕಿ ಇಳಿಸಿಕೊಂಡ. ಅದು ಒಂದು ಕಟ್ಟು ಕಟ್ಟಿದ ಕಡತ. ಬಿಚ್ಚಲು ಗುಪ್ತಪದವನ್ನು ಅವರೇ ಕೊಟ್ಟಿದ್ದರು. ಜೊತೆಗೆ ಒಂದು ಸೂಚನೆ: ಹಾಕುವ ಮೊದಲು ಕಂಪ್ಯೂಟರಿನ ವೈರಸ್ ಕಾವಲು ಬಂದ್ ಮಾಡಿರಿ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬಾಗಿಲಿಗೆ ಬಂದವನು "ನಿಮ್ಮ ನಾಯಿ ಕಟ್ಟಿರಿ, ಒಳಗೆ ಬರ್ತೀನಿ" ಅಂದರೆ ನಾವು ಯಾರು ನೀನು ಅಂತ ಕೇಳುತ್ತೇವೆ. ಕಂಪ್ಯೂಟರಿನಲ್ಲಿ ಯಾರೂ ಕೇಳುವುದಿಲ್ಲ. ಕಟ್ಟಿಗೆ ಗುಪ್ತಪದ ಹಾಕುವುದೂ ಸುಮ್ಮನೆ ಅಲ್ಲ. ಹಾಗೆ ಕಟ್ಟಿದ್ದರೆ ಒಳಗೇನಿದೆ ಎಂದು ಕಾವಲು ತಂತ್ರಾಂಶಕ್ಕೆ ಇಣುಕಲು ಆಗುವುದಿಲ್ಲ.

ಬ್ಯಾನರ್ ತಂತ್ರಾಂಶ ತೆರೆಯಲೇ ಇಲ್ಲ. ಬದಲಿಗೆ ‘ವಿಂಡೋಸ್ ಅಪ್‌ಡೇಟ್ ಆಗುತ್ತಿದೆ, ಬಂದ್ ಮಾಡಬೇಡಿ’ ಎಂಬ ಪರದೆ ಬಂತು. ಹುಡುಗ ಅದನ್ನು ನಂಬಿ ಮಲಗಿದ. ಆ ಪರದೆಯೇ ಮೋಸದ್ದು. ಅದರ ಹಿಂದೆ ಕಂಪ್ಯೂಟರ್ ಒಂದೊಂದೇ ಕಡತಕ್ಕೆ ಬೀಗ ಜಡಿಯುತ್ತಿತ್ತು. ಬೆಳಿಗ್ಗೆ ಮಗಳು ನೋಡಿದರೆ ಎಲ್ಲ ಕಡತದ ಹೆಸರಿನ ಬಾಲಕ್ಕೆ ನಾಲ್ಕು ಇಂಗ್ಲಿಷ್ ಅಕ್ಷರ ಅಂಟಿವೆ. ಮಳೆ ಹಾಳೆ ತೆರೆಯಲು ಹೋದರೆ ಬರೀ ಗಾಂಜು. ಪ್ರತಿ ಕಪಾಟಿನಲ್ಲೂ ಒಂದು ಚೀಟಿ: ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಕೀಲಿಗೆ 980 ಡಾಲರ್, 72 ತಾಸಿನೊಳಗೆ ಸಂಪರ್ಕಿಸಿದರೆ ಅರ್ಧ, 490.

ನಮಗೆ 72 ತಾಸು ಅಂದರೆ ಬೆಳೆ ವಿಮೆ ನೆನಪಾಗುತ್ತದೆ. ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ ಅಷ್ಟರೊಳಗೆ ತಿಳಿಸಬೇಕು. ಕಳ್ಳರೂ ಅದೇ ಗಡುವು ಇಟ್ಟಿದ್ದಾರಲ್ಲ ಅನ್ನಿಸಿತು. 490 ಡಾಲರ್ ಅಂದರೆ ಆಗಿನ ಲೆಕ್ಕಕ್ಕೆ 40 ಸಾವಿರ ರೂಪಾಯಿ. ಆ ವರ್ಷ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 6,600 ಇತ್ತು. ಅಂದರೆ ಆರು ಕ್ವಿಂಟಲ್ ತೊಗರಿ. ಸುಳ್ಳು ಯಾಕೆ ಹೇಳಲಿ, ಒಂದು ದಿನ ಪೂರ್ತಿ ಕೊಟ್ಟುಬಿಡೋಣವೇ ಎಂದು ಯೋಚಿಸಿದೆ.

ಬೀಗದ ಒಳಗುಟ್ಟು

ಕೊಡದಂತೆ ತಡೆದದ್ದು ಮಗಳ ಸಹಪಾಠಿ, ಹುಮನಾಬಾದಿನ ಹುಡುಗಿ. ಆಕೆ ಫೋನಿನಲ್ಲಿ ಹೇಳಿದ್ದನ್ನು ನಾನು ಮೂರು ಸಲ ಕೇಳಿ ಕೇಳಿ ತಿಳಿದುಕೊಂಡೆ. "ಕಾಕಾ, ರೊಕ್ಕ ಕೊಟ್ರೂ ಕೀಲಿ ಬರ್ತದಂತ ಗ್ಯಾರಂಟಿ ಇಲ್ಲ. ಕೊಟ್ಟವರ ಹೆಸರು ಬರಕೊಂಡು ಮತ್ತ ಬರ್ತಾರ" ಅಂದಳು.

ಈ ಜಾತಿಯ ವೈರಸ್ಸಿಗೆ ‘ಸ್ಟಾಪ್’ ಅಥವಾ ‘ಡೇಜಾವು’ ಎಂದು ಹೆಸರಂತೆ. ದೊಡ್ಡ ಕಂಪನಿಗಳನ್ನು ಹಿಡಿಯುವ ಜಾತಿ ಬೇರೆ. ಇದು ನಮ್ಮಂಥ ಮನೆ ಕಂಪ್ಯೂಟರುಗಳನ್ನೇ ಹಿಡಿಯುವುದು. ಬರುವುದು ಹೆಚ್ಚಾಗಿ ಬೀಗ ಮುರಿದ ತಂತ್ರಾಂಶದ ಜೊತೆ. ಒಳಗೆ ಬಂದ ಕೂಡಲೇ ಅದು ತನ್ನ ಯಜಮಾನನನ್ನು ಅಂತರ್ಜಾಲದ ಮೂಲಕ ಸಂಪರ್ಕಿಸಿ ಈ ಮನೆಗೆಂದೇ ಒಂದು ಬೇರೆ ಕೀಲಿ ತರಿಸಿಕೊಳ್ಳುತ್ತದೆ. ಸಂಪರ್ಕ ಸಿಗದಿದ್ದರೆ ತನ್ನಲ್ಲೇ ಇರುವ ಒಂದು ಸಾಮಾನ್ಯ ಕೀಲಿಯಿಂದ ಬೀಗ ಹಾಕುತ್ತದೆ. ಆ ಸಾಮಾನ್ಯ ಕೀಲಿ ಅನೇಕ ಮನೆಗಳಿಗೆ ಒಂದೇ. ಹಾಗಾಗಿ ಎಲ್ಲೋ ಒಬ್ಬರಿಗೆ ಅದು ಸಿಕ್ಕರೆ ಉಳಿದವರ ಬೀಗವೂ ತೆರೆಯಲು ಬರುತ್ತದೆ. ಇದಕ್ಕೆಂದು 2019ರಲ್ಲಿ ಎಮ್ಸಿಸಾಫ್ಟ್ ಎಂಬ ಕಂಪನಿ ಪುಕ್ಕಟೆ ಉಪಕರಣ ಬಿಟ್ಟಿದೆ. ಅದಕ್ಕೂ ಮೊದಲು, 2016ರಲ್ಲಿ, ನೆದರ್ಲೆಂಡ್ಸ್ ಪೊಲೀಸರು, ಯುರೋಪೋಲ್ ಮತ್ತು ಎರಡು ಕಂಪನಿಗಳು ಸೇರಿ ‘ನೋ ಮೋರ್ ರ‍್ಯಾನ್ಸಮ್’ ಎಂಬ ತಾಣ ಆರಂಭಿಸಿದರು. ಬೀಗ ಬಿದ್ದ ಕಡತ ಒಂದನ್ನು ಅಲ್ಲಿ ಹಾಕಿದರೆ ಯಾವ ಜಾತಿ, ಕೀಲಿ ಇದೆಯೇ ಇಲ್ಲವೇ ಎಂದು ಹೇಳುತ್ತದೆ. ದುಡ್ಡು ಕೇಳುವುದಿಲ್ಲ.

ಆ ರಾತ್ರಿ ನಮ್ಮ ಮನೆಯಲ್ಲಿ ನೆಟ್ ಚಾಲೂ ಇತ್ತು. ನಮಗೆ ಬಿದ್ದದ್ದು ಬೇರೆ ಕೀಲಿ. ತೆರೆಯಲಿಲ್ಲ.

ಇನ್ನೊಂದು ವಿಷಯ ತಡವಾಗಿ ಗೊತ್ತಾಯಿತು. ಈ ವೈರಸ್ ದೊಡ್ಡ ಕಡತದ ಮುಂದಿನ ಭಾಗವನ್ನು ಮಾತ್ರ ಕೆಡಿಸುತ್ತದೆ. ಆದ್ದರಿಂದ ದೊಡ್ಡ ವಿಡಿಯೋಗಳಲ್ಲಿ ಕೆಲವನ್ನು ದುರಸ್ತಿ ಮಾಡಿ ಉಳಿಸಬಹುದು. ಮಗಳ ಸೀಮಂತದ ವಿಡಿಯೋ ಹಾಗೆ ಉಳಿಯಿತು. ಮಳೆ ಹಾಳೆ ಸಣ್ಣ ಕಡತ. ಪೂರ್ತಿ ಹೋಯಿತು.

ಹೊರೆಯ ಮೇಲೆ ಹೊರೆ ಅನ್ನುವಂತೆ, ಇದು ಒಂಟಿಯಾಗಿ ಬರುವುದು ಕಡಿಮೆ. ಜೊತೆಗೆ ಗುಪ್ತಪದ ಕದಿಯುವ ಇನ್ನೊಂದನ್ನು ಕರೆತರುತ್ತದೆ. ಬ್ರೌಸರಿನಲ್ಲಿ ನಾವು ‘ನೆನಪಿಟ್ಟುಕೋ’ ಎಂದು ಒತ್ತಿರುತ್ತೇವಲ್ಲ, ಆ ಗುಪ್ತಪದಗಳನ್ನು ಎತ್ತಿಕೊಂಡು ಹೋಗುತ್ತದೆ. ಮೂರನೇ ದಿನ ಮಗಳ ಇಮೇಲಿಗೆ ಯಾರೋ ನುಗ್ಗಲು ನೋಡಿದ ಸೂಚನೆ ಬಂತು. ಬೇರೆ ಫೋನಿನಿಂದ ಎಲ್ಲ ಗುಪ್ತಪದ ಬದಲಿಸಿದೆವು. ರೋಗ ಬಂದ ಕಂಪ್ಯೂಟರಿನಲ್ಲೇ ಕುಳಿತು ಬದಲಿಸಿದರೆ ಹೊಸದನ್ನೂ ಕಳ್ಳನ ಕೈಗೆ ಕೊಟ್ಟಂತೆ.

ನಾವು ಮಾಡಿದ ತಪ್ಪುಗಳನ್ನೂ ಹೇಳುತ್ತೇನೆ. ಕಂಡ ತಕ್ಷಣ ನೆಟ್ ತೆಗೆದು ಹಾಕಬೇಕಿತ್ತು. ಮಧ್ಯಾಹ್ನದವರೆಗೆ ಹಾಗೇ ಬಿಟ್ಟೆವು. ಪೆನ್‌ಡ್ರೈವ್ ಚುಚ್ಚಿ ನೋಡಿದೆವು, ಅದರೊಳಗಿನದಕ್ಕೂ ಬೀಗ ಬಿತ್ತು. ಪೊಲೀಸರಿಗೆ ದೂರು ಕೊಡಲಿಲ್ಲ. ಜಿಲ್ಲೆಗೊಂದು ಸಿ.ಇ.ಎನ್. ಠಾಣೆ ಇದೆ, ನಮ್ಮದು ಬೀದರಿನಲ್ಲಿ. ಮನೆಯಿಂದಲೇ ಅಂತರ್ಜಾಲದಲ್ಲೂ ದೂರು ಬರೆಯಬಹುದು ಎಂದು ಆಗ ಗೊತ್ತಿರಲಿಲ್ಲ. ಒಂದು ಕೆಲಸ ಮಾತ್ರ ಸರಿ ಮಾಡಿದೆವು. ರಿಪೇರಿಯವನು "ಎಲ್ಲಾ ಅಳಿಸಿ ಹೊಸಾದು ಹಾಕ್ತೀನಿ" ಅಂದಾಗ, ಅಳಿಸುವ ಮೊದಲು ಬೀಗ ಬಿದ್ದ ಕಡತಗಳನ್ನೂ ಆ ಚೀಟಿಯನ್ನೂ ಬೇರೆ ಪೆನ್‌ಡ್ರೈವಿಗೆ ಎತ್ತಿಸಿಕೊಂಡೆವು. ಇಂದಲ್ಲ ನಾಳೆ ಕೀಲಿ ಹೊರಬಿದ್ದರೆ ಬೀಗವಾದರೂ ಕೈಯಲ್ಲಿ ಇರಬೇಕಲ್ಲ.

ದೊಡ್ಡವರಿಗೂ ಬಿಟ್ಟಿಲ್ಲ

ಹಳ್ಳಿಯವರು ತಿಳಿಯದೆ ಸಿಕ್ಕಿಬಿದ್ದರು ಎಂದುಕೊಳ್ಳಬೇಡಿ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಇದೇ ತರಹದ ಬೀಗದ ವೈರಸ್ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕಂಪ್ಯೂಟರ್ ಹಿಡಿಯಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಶನ್ ನಿಂತವು. ಅದರ ಮುಂದಿನ ತಿಂಗಳೇ ‘ನಾಟ್‌ಪೆಟ್ಯಾ’ ಬಂದು ಮುಂಬಯಿ ಪಕ್ಕದ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ ಕೆಲಸ ನಿಲ್ಲಿಸಿತು. 2024ರ ಜುಲೈ ಕೊನೆಗೆ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಒಂದು ಕಂಪನಿಗೆ ಬೀಗ ಬಿದ್ದು ದೇಶದ ಸುಮಾರು 300 ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಹಣ ಪಾವತಿ ಕೆಲವು ದಿನ ತಡೆದಿತ್ತು.

ವಾನ್ನಾಕ್ರೈ ನುಗ್ಗಿದ ಕಿಂಡಿಯನ್ನು ಮೈಕ್ರೋಸಾಫ್ಟ್‌ನವರು ಎರಡು ತಿಂಗಳ ಮೊದಲೇ, ಮಾರ್ಚಿನಲ್ಲೇ ಮುಚ್ಚುವ ತೇಪೆ ಕೊಟ್ಟಿದ್ದರು. ಹಾಕಿಕೊಂಡವರು ಬಚಾವಾದರು. ನಾಳೆ ನೋಡೋಣ ಅಂದವರು ಸಿಕ್ಕರು. ಅಪ್‌ಡೇಟ್ ಅಂದರೆ ಇದೇ: ಬೇಲಿಯಲ್ಲಿ ಹಂದಿ ಮಾಡಿದ ಕಿಂಡಿಗೆ ಮುಳ್ಳು ತುರುಕುವುದು. ನೆಟ್ ಖರ್ಚಾಗುತ್ತದೆ, ಕಂಪ್ಯೂಟರ್ ನಿಧಾನವಾಗುತ್ತದೆ ಎಂದು ನಾವು ಅದನ್ನು ಬಂದ್ ಮಾಡಿಸಿದ್ದೆವು. ನಮ್ಮದು ವಿಂಡೋಸ್ 7. ಅದಕ್ಕೆ 2020ರ ಜನವರಿಯಲ್ಲೇ ತೇಪೆ ಕೊಡುವುದನ್ನು ನಿಲ್ಲಿಸಿದ್ದರು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ತೇಪೆ ನಿಂತಿದೆ. ಹಳೇ ಕಂಪ್ಯೂಟರ್ ಇರುವವರು ತಮ್ಮದು ಯಾವುದು ಎಂದು ಒಮ್ಮೆ ನೋಡಿಕೊಳ್ಳಿರಿ.

ಈಗ ಮಾಡಿಕೊಂಡ ಕಾವಲು

ರಿಪೇರಿ ಮಾಡಿದವನು ಹೊಸದಾಗಿ ಹಾಕಿಕೊಟ್ಟದ್ದೂ ಬೀಗ ಮುರಿದ ವಿಂಡೋಸೇ ಎಂದು ಮಗಳಿಗೆ ಒಂದು ವಾರದ ಮೇಲೆ ಗೊತ್ತಾಯಿತು! ಕಳೆ ಬೀಜ ಬೆರೆಸಿ ಕೊಟ್ಟ ಅಂಗಡಿಗೇ ಮತ್ತೆ ಬೀಜಕ್ಕೆ ಹೋದಂತಾಗಿತ್ತು. ಅದನ್ನು ತೆಗೆಸಿ ಲಿನಕ್ಸ್ ಹಾಕಿದ್ದೇವೆ. ಅದು ಕಾಯ್ದೆಶೀರ್ ಪುಕ್ಕಟೆ. ಲಿಬ್ರೆಆಫೀಸ್‌ನಲ್ಲಿ ಎಕ್ಸೆಲ್ ಹಾಳೆಗಳು ತೆರೆಯುತ್ತವೆ, ಕನ್ನಡ ಅಕ್ಷರ ಮೂಡುತ್ತವೆ. ಮಗನ ಬ್ಯಾನರ್ ಕೆಲಸಕ್ಕೂ ಗಿಂಪ್, ಇಂಕ್‌ಸ್ಕೇಪ್ ಎಂಬ ಪುಕ್ಕಟೆ ತಂತ್ರಾಂಶಗಳಿವೆ. ಇದು ಮೊದಲೇ ಗೊತ್ತಿದ್ದರೆ ಆ ಕಳ್ಳ ಮಾಲು ಬೇಕಾಗಿಯೇ ಇರಲಿಲ್ಲ. ಹಾಗೆಂದು ಲಿನಕ್ಸ್‌ಗೆ ರೋಗವೇ ಬರುವುದಿಲ್ಲ ಎಂದಲ್ಲ. ರೋಗ ತಡೆದುಕೊಳ್ಳುವ ತಳಿಗೂ ಕಾವಲು ಬೇಕೇ ಬೇಕು.

ವಿಂಡೋಸ್ ಇಟ್ಟುಕೊಂಡವರು ಬೇರೆ ವೈರಸ್ ಕಾವಲು ಕೊಳ್ಳಲೇಬೇಕು ಎಂದೇನಿಲ್ಲ. ಅದರಲ್ಲೇ ಡಿಫೆಂಡರ್ ಎಂಬುದು ಬರುತ್ತದೆ. ಅದನ್ನು ಬಂದ್ ಮಾಡದಿದ್ದರೆ ಆಯಿತು. ಅದರೊಳಗೆ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬ ಗುಂಡಿ ಇದೆ. ಒತ್ತಿಟ್ಟರೆ, ಗುರುತಿಲ್ಲದ ತಂತ್ರಾಂಶ ನಿಮ್ಮ ಕಡತಗಳನ್ನು ತಿದ್ದಲು ಬಿಡುವುದಿಲ್ಲ. ಇನ್ನೊಂದು ಸಣ್ಣ ಕೆಲಸ. ದಿನದ ಬಳಕೆಗೆ ಯಜಮಾನನ ಖಾತೆ ಬೇಡ, ಸಾಧಾರಣ ಖಾತೆ ಸಾಕು. ಹೊಸದು ಏನಾದರೂ ಹಾಕಬೇಕಾದರೆ ಅದು ಯಜಮಾನನ ಗುಪ್ತಪದ ಕೇಳುತ್ತದೆ. ನಮ್ಮ ಮನೆಯಲ್ಲಿ ಆ ಗುಪ್ತಪದ ಮಗಳ ಹತ್ತಿರ ಮಾತ್ರ ಇದೆ. ಮಗನಿಗೆ ಸಿಟ್ಟು. ಇರಲಿ. ಕಣಜದ ಕೀಲಿ ಎಲ್ಲರ ಉಡಿಯಲ್ಲೂ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ನಕಲು ಇಡುವುದು. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ, ಆದರೂ ಮರೆತಿದ್ದೆ. ಬೀಜದ ಜೋಳವನ್ನು ನಮ್ಮ ಹಿರಿಯರು ಒಂದೇ ಕಡೆ ಇಡುತ್ತಿರಲಿಲ್ಲ. ಒಂದಿಷ್ಟು ಮನೆಯ ಗಡಿಗೆಯಲ್ಲಿ ಬೂದಿ ಬೆರೆಸಿ, ಒಂದಿಷ್ಟು ತೆನೆಯನ್ನೇ ಜಂತಿಗೆ ಕಟ್ಟಿ, ಇನ್ನೊಂದಿಷ್ಟು ಬೀಗರ ಮನೆಯಲ್ಲಿ. ಒಂದು ಕಡೆ ಹುಳ ಬಿದ್ದರೆ ಇನ್ನೊಂದು ಕಡೆ ಇರುತ್ತಿತ್ತು. ಈಗ ಮಳೆ ಹಾಳೆಗೆ ಮೂರು ನಕಲು. ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಹುಮನಾಬಾದಿನ ನನ್ನ ಅಳಿಯನ ಮನೆಯಲ್ಲಿ ಒಂದು. ಪೆನ್‌ಡ್ರೈವನ್ನು ಸದಾ ಚುಚ್ಚಿ ಇಡಬಾರದು. ಅಮಾವಾಸ್ಯೆಗೊಮ್ಮೆ ಚುಚ್ಚಿ, ನಕಲು ಮಾಡಿ, ಕಿತ್ತು ಪೆಟ್ಟಿಗೆಯಲ್ಲಿಡುವುದು. ಚುಚ್ಚಿಯೇ ಇದ್ದರೆ ಬೀಗ ಅದಕ್ಕೂ ಬೀಳುತ್ತದೆ, ನಾವು ಅನುಭವಿಸಿದಂತೆ. ಅಮಾವಾಸ್ಯೆ ಯಾಕೆಂದರೆ ಅಂದು ಎತ್ತು ಹೂಡುವುದಿಲ್ಲ, ಮನೆಯಲ್ಲಿರುತ್ತೇನೆ, ಮರೆಯುವುದಿಲ್ಲ. ವರ್ಷಕ್ಕೊಮ್ಮೆ ನಕಲನ್ನು ತೆರೆದು ನೋಡಲೂ ಬೇಕು. ಬಿತ್ತುವ ಮೊದಲು ಬೀಜದ ಮೊಳಕೆ ನೋಡುವುದಿಲ್ಲವೇ?

ಝೆರಾಕ್ಸ್ ಅಂಗಡಿಗೆ ಪಹಣಿ ಪ್ರಿಂಟಿಗೆಂದು ಒಯ್ಯುವ ಪೆನ್‌ಡ್ರೈವ್ ಬೇರೆ ಇಟ್ಟಿದ್ದೇವೆ. ದಿನಕ್ಕೆ ಎಷ್ಟು ಜನರ ಪೆನ್‌ಡ್ರೈವ್ ಆ ಕಂಪ್ಯೂಟರಿಗೆ ಚುಚ್ಚಿರುತ್ತಾರೋ. ಕೇಂದ್ರ ಸರ್ಕಾರದ ‘ಸೈಬರ್ ಸ್ವಚ್ಛತಾ ಕೇಂದ್ರ’ 2017ರಲ್ಲಿ ಆರಂಭವಾಗಿದೆ. ಅದರ ತಾಣದಲ್ಲಿ ಕಂಪ್ಯೂಟರ್ ತೊಳೆಯುವ ಉಪಕರಣಗಳು ಪುಕ್ಕಟೆ ಸಿಗುತ್ತವೆ.

ಬೇರೆ ಬಾಗಿಲಿನಿಂದ ಬರುವವರು

ವೈರಸ್ ಇಲ್ಲದೆಯೂ ಮನೆ ಹೊಗುವವರಿದ್ದಾರೆ. ನನ್ನ ಸೋದರಮಾವನ ಮಗ ಹುಮನಾಬಾದಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದಾಗ ಒಮ್ಮೆಲೇ ಪರದೆ ತುಂಬ ಕೆಂಪು ಬಣ್ಣ, ಕೂಗು. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಎಂದು. ಮಾಡಿದ. ಆ ಕಡೆಯವನು ನಯವಾದ ಹಿಂದಿಯಲ್ಲಿ ಮಾತಾಡಿ, ದೂರದಿಂದ ಕಂಪ್ಯೂಟರ್ ನಡೆಸುವ ಒಂದು ತಂತ್ರಾಂಶ ಹಾಕಿಸಿದ. ಎನಿಡೆಸ್ಕ್, ಟೀಮ್‌ವ್ಯೂವರ್ ಇಂಥವು ಸ್ವತಃ ಕಳ್ಳ ಅಲ್ಲ, ಒಳ್ಳೆಯ ಕೆಲಸಕ್ಕೂ ಬರುತ್ತವೆ. ಆದರೆ ಅಪರಿಚಿತನಿಗೆ ಅದರ ಅಂಕಿ ಹೇಳಿದಿರೆಂದರೆ ನಿಮ್ಮ ಕುರ್ಚಿಯಲ್ಲಿ ಅವನು ಕುಳಿತ ಹಾಗೆ. ಇನ್ನೇನು ಬ್ಯಾಂಕಿನ ಪುಟ ತೆರೆಯಬೇಕು, ಅಷ್ಟರಲ್ಲಿ ಕರೆಂಟ್ ಹೋಯಿತು. ಫೋನಿನಲ್ಲಿದ್ದವನ ನಯ ಹೋಗಿ ಬೈಗುಳ ಬಂತು. ಆಗ ಇವನಿಗೆ ಅನುಮಾನ. ಕರೆಂಟ್ ಹೋದದ್ದಕ್ಕೆ ನಮ್ಮ ಕಡೆ ಯಾರಾದರೂ ಖುಷಿಪಟ್ಟದ್ದು ಅದೊಂದೇ ಸಲ ಇರಬೇಕು. ಅಂಥ ಪರದೆ ಬಂದರೆ ಆ ನಂಬರಿಗೆ ಫೋನ್ ಮಾಡದೆ ಬ್ರೌಸರ್ ಮುಚ್ಚಿರಿ. ಮುಚ್ಚದಿದ್ದರೆ ಗುಂಡಿ ಒತ್ತಿ ಹಿಡಿದು ಕಂಪ್ಯೂಟರನ್ನೇ ಆರಿಸಿರಿ. ಅದು ಬರೀ ಚಿತ್ರ.

ಫೋನಿಗೆ ಬರುವುದು ಎಪಿಕೆ ಎಂಬ ಬಾಲದ ಕಡತ. ‘ಪಿಎಂ ಕಿಸಾನ್’ ಎಂದೋ, ಮದುವೆ ಆಮಂತ್ರಣ ಎಂದೋ ಹೆಸರು ಹೊತ್ತು ವಾಟ್ಸಾಪಿನಲ್ಲಿ ಬರುತ್ತದೆ, ಎಷ್ಟೋ ಸಲ ಪರಿಚಯದವರ ನಂಬರಿನಿಂದಲೇ. ಒತ್ತಿದರೆ ಬ್ಯಾಂಕಿನಿಂದ ಬರುವ ಒಟಿಪಿಯನ್ನು ಅದೇ ಓದಿಕೊಳ್ಳುತ್ತದೆ. ಆಮಂತ್ರಣ ಚಿತ್ರವಾಗಿ ಬರುತ್ತದೆ, ಎಪಿಕೆ ಆಗಿ ಯಾರೂ ಕಳಿಸುವುದಿಲ್ಲ.

ಹೆಬ್ಬೆಟ್ಟಿನದು ಬೇರೆ ಕತೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ, ಆಧಾರ್ ಮೂಲಕ ಹಣ ಕೊಡುವ ವ್ಯವಸ್ಥೆಯಿಂದ ಅನೇಕರ ಖಾತೆಯ ದುಡ್ಡು ಎತ್ತಿದರು. ಒಟಿಪಿ ಇಲ್ಲ, ಫೋನ್ ಇಲ್ಲ. ಹೊಲ ಕೊಟ್ಟವರು, ತೊಗೊಂಡವರು ಇದನ್ನು ಮರೆಯಬಾರದು. ಎಮ್‌ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು, ಬೇಕಾದಾಗ ಸ್ವಲ್ಪ ಹೊತ್ತು ತೆಗೆಯಬಹುದು. ಬೀಗ ಹಾಕಿದ್ದು ಮರೆತು ರೇಷನ್ ಅಂಗಡಿಗೆ ಹೋದರೆ ಹೆಬ್ಬೆಟ್ಟು ಹತ್ತುವುದಿಲ್ಲ. ನಾನು ಎರಡು ಸಲ ಖಾಲಿ ಚೀಲ ಹಿಡಿದು ವಾಪಸು ಬಂದಿದ್ದೇನೆ.

ದುಡ್ಡು ಹೋಯಿತೆಂದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಊರ ಹಿರಿಯರನ್ನು ಕೇಳಿ, ನಾಳೆ ಬ್ಯಾಂಕಿಗೆ ಹೋಗಿ ಎಂದು ಕಾಯಬಾರದು. ಕಳ್ಳ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಬೇಗ ಹೇಳಿದರೆ ಮಾತ್ರ.

ಉಳಿದದ್ದು

ಹೋದ ಮೂರು ವರ್ಷವನ್ನು ಮತ್ತೆ ಕೂಡಿಸಲು ನೋಡಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಅಲ್ಲಲ್ಲಿ ಮಳೆಮಾಪಕ ಹಾಕಿದ್ದಾರೆ. ಅವರ ಅಂಕಿ ಸಿಕ್ಕಿತು. ಆದರೆ ಆ ಮಾಪಕ ನನ್ನ ಹೊಲದಿಂದ ನಾಲ್ಕು ಕಿಲೋಮೀಟರ್ ದೂರ. ನಮ್ಮ ಕಡೆ ಮಳೆ ಒಂದು ಬದು ದಾಟಿ ಇನ್ನೊಂದು ಬದುವಿಗೆ ಬರದಿರುವುದು ಉಂಟು. ಅದನ್ನು ಬೇರೆ ಬಣ್ಣದಲ್ಲಿ ಬರೆದಿಟ್ಟಿದ್ದೇನೆ. ಅಳಿಯನಿಗೆ ಆಗಾಗ ವಾಟ್ಸಾಪಿನಲ್ಲಿ ‘ಇಂದು 34’, ‘ಇಂದು 11’ ಎಂದು ಕಳಿಸಿದ್ದೆ. ಅವನು ಹಳೆಯದನ್ನೆಲ್ಲ ಹುಡುಕಿ ತೆಗೆದ. 43 ದಿನದ ಲೆಕ್ಕ ಹಾಗೆ ಸಿಕ್ಕಿತು, ಅವ್ವ ಓದಿ ಹೇಳಿದ ಅಂಕಿಗಳೇ.

ಈಗ ಮತ್ತೆ ವಹಿ ಶುರು ಮಾಡಿದ್ದೇನೆ. ಮೊದಲು ವಹಿ, ಆಮೇಲೆ ಕಂಪ್ಯೂಟರ್. ಬೀಗ ಬಿದ್ದ ಪೆನ್‌ಡ್ರೈವ್ ಪಹಣಿ ಕಾಗದಗಳ ಜೊತೆ ತಗಡಿನ ಪೆಟ್ಟಿಗೆಯಲ್ಲಿದೆ. ಯುಗಾದಿಗೊಮ್ಮೆ ಮಗಳು ಅದರಿಂದ ಒಂದು ಕಡತ ತೆಗೆದು ಆ ತಾಣದಲ್ಲಿ ಹಾಕಿ ನೋಡುತ್ತಾಳೆ. ಹೋದ ಸಲವೂ ಕೀಲಿ ಇಲ್ಲ ಎಂದೇ ಬಂತು.